ಛಾವಣಿಯಲ್ಲಿ ಗೊರಕೆ ಹೊಡೆದ ಪ್ರಿಂಟರ್

ಮನೆ ನಕ್ಷೆ ಬರೆಯುವ ನಮ್ಮ ಕಚೇರಿಯಲ್ಲಿ ಕಿಟಕಿ ಪಕ್ಕ ಇರುವುದು ಒಂದೇ ಕುರ್ಚಿ. ಅದು ನನ್ನದು. ಅಲ್ಲಿ ಬೀಸುವ ಗಾಳಿಗಾಗಿ ಮಹಾರಾಜರೂ ಕಿರೀಟ ಕಳಚಿಟ್ಟು ಸಾಲು ನಿಂತಾರು. ಅಂಥ ಕುರ್ಚಿಯನ್ನು ನಾನು ಪಣಕ್ಕಿಟ್ಟೆ.

ಹೊಸ ಪ್ರಿಂಟರ್ ಬಂದಿತ್ತು. ತಂತಿಯ ಹಂಗಿಲ್ಲದೆ ವೈಫೈನಲ್ಲೇ ಎಲ್ಲ ಕಂಪ್ಯೂಟರುಗಳ ಮಾತು ಕೇಳುವ ಜಾತಿ. ಜೋಡಿಸಿಕೊಡಲು ಅಂಗಡಿಯವನು ನಾಳೆ ಬರುತ್ತಾನಂತೆ.

"ನಾಳೆ ಯಾಕೆ? ನಾನು ಹುಬ್ಬು ಹಾರಿಸಿದ್ರೆ ಸಾಕು, ತಾನಾಗೇ ಪ್ರಿಂಟ್ ಮಾಡತ್ತೆ" ಎಂದೆ.

ಲೆಕ್ಕ ನೋಡಿಕೊಳ್ಳುವ ಲೆಕ್ಕದಕ್ಕ ಕನ್ನಡಕದ ಮೇಲಿಂದ ಇಣುಕಿದರು. "ಸಂಜೆ ಟೀ ಬರೋದ್ರೊಳಗೆ ಇದ್ರಿಂದ ಒಂದು ಹಾಳೆ ಹೊರಗೆ ಬರ್ಲಿ ತಮ್ಮಾ. ಬರ್ಲಿಲ್ಲವೋ, ಆ ಕುರ್ಚಿ ನಂದು."

"ಒಂದೇನು, ಪ್ರವಾಹಾನೇ ಹರಿಸ್ತೀನಿ ತಗೊಳ್ಳಿ!"

ಪ್ರಿಂಟರನ್ನು ವೈಫೈಗೆ ಸೇರಿಸಿ, ಅದನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದೆ. ಪರದೆಯ ಮೇಲೆ ಒಂದೇ ಹೆಸರು ಎರಡು ಸಲ ಬಂತು. ನನ್ನನ್ನು ಕಂಡ ಸಂಭ್ರಮಕ್ಕೆ ಪಾಪ ಎರಡೆರಡು ಸಲ ಕೂಗುತ್ತಿದೆ ಎಂದುಕೊಂಡು ಮೊದಲನೆಯದನ್ನು ಒತ್ತಿದೆ. 'ನನ್ನಂಥ ಬುದ್ಧಿವಂತ ಭೂಮಿ ಮೇಲಿಲ್ಲ' ಎಂದು ದಪ್ಪಕ್ಷರದಲ್ಲಿ ಟೈಪು ಮಾಡಿ ಪ್ರಿಂಟ್ ಕೊಟ್ಟೆ.

ಪ್ರಿಂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಆದರೆ ನೆತ್ತಿಯ ಮೇಲೆ ಛಾವಣಿ 'ಗೊರ್ರ್' ಎಂದಿತು.

ಮತ್ತೆ ಒತ್ತಿದೆ. ಮತ್ತೆ ಗೊರ್ರ್. ಮೂರು ಪ್ರತಿ ಕೊಟ್ಟೆ. ಮೂರು ಗೊರ್ರ್! ಪಣ, ಕುರ್ಚಿ ಎಲ್ಲ ಮರೆತೇ ಹೋಯಿತು. ಮೇಜು ಹತ್ತಿ ಛಾವಣಿಗೆ ಕಿವಿ ಹಚ್ಚಿದೆ. "ಅಕ್ಕಾ, ಒಂದು ಹತ್ತು ಪ್ರತಿ ಕೊಡಿ ನೋಡೋಣ!"

ಅವರಿಗೂ ಕುತೂಹಲ, ಕೊಟ್ಟೇಬಿಟ್ಟರು. ಉಂಡು ಮಲಗಿದ ಹತ್ತು ಸಿಂಹಗಳು ಒಂದಾದ ಮೇಲೊಂದು ಗೊರಕೆ ಹೊಡೆದವು.

"ಲೋ, ಮೇಲಿರೋದು ನಿಮ್ಮತ್ತಿಗೆ ಕೆಲಸ ಮಾಡೋ ಹಲ್ಲಿನ ಆಸ್ಪತ್ರೆ ಅಲ್ವೇನೋ?" ಎಂದರು ಲೆಕ್ಕದಕ್ಕ.

ನನಗೆ ಥಟ್ಟನೆ ಹೊಳೆಯಿತು. ಖರ್ಚು ಉಳಿಯಲೆಂದು ಎರಡೂ ಮಹಡಿಗೆ ಒಂದೇ ವೈಫೈ ಹಾಕಿಸಿದ್ದು ನಾನೂ ಅತ್ತಿಗೆಯೂ ಸೇರಿ. ಚೌಕಾಸಿ ಮಾಡಿ ಒಂದೇ ಥರದ ಎರಡು ಪ್ರಿಂಟರ್ ತರಿಸಿದ್ದೂ ನಾವೇ!

ಮೆಟ್ಟಿಲುಗಳಿಗೆ ಕಾಲು ತಾಗಿಸದೆ ಮೇಲೆ ಹಾರಿದೆ. ದವಡೆ ಹಿಡಿದು ಕೂತ ರೋಗಿಗಳ ಕೈಯಲ್ಲೆಲ್ಲ ನನ್ನ ಹಾಳೆ. ನೋವು ಮರೆತು ನಗುತ್ತಿದ್ದರು.

"ಬನ್ನಿ ಬುದ್ಧಿವಂತ ಮೈದುನರೇ" ಎಂದರು ಅತ್ತಿಗೆ. "ನಿಮ್ಮ ಬಡಾಯಿ ಎಲ್ಲ ಇಲ್ಲಿಗೆ ಬಂತು. ನನಗೂ ಎರಡು ಹೆಸರು ಕಾಣಿಸ್ತು, ಕೆಳಗಿನದನ್ನ ಒತ್ತಿದೆ. ಈಗ ತಾನೇ ರೋಗಿಗೆ ಅಂತ ಪ್ರಿಂಟ್ ಕೊಟ್ಟ ಹಾಳೆ ಎಲ್ಲಪ್ಪಾ?"

ಕೆಳಗೆ ಓಡಿದೆ. ನಮ್ಮ ಪ್ರಿಂಟರಿನಿಂದ ಬಂದ ಬಿಸಿಬಿಸಿ ಹಾಳೆ ಲೆಕ್ಕದಕ್ಕನ ಕೈಯಲ್ಲಿತ್ತು.

"ಟೀಗೆ ಮುಂಚೆ ಹಾಳೆ ಬಂತಲ್ಲ! ಕುರ್ಚಿ ನಂದೇ!" ಎಂದೆ.

"ನಿಂದೇ ಕಣಪ್ಪಾ. ಆದ್ರೆ ಹಾಳೇಲಿರೋ ಹಾಗೆ ನಡ್ಕೋಬೇಕು" ಎಂದು ಅವರು ಗಟ್ಟಿಯಾಗಿ ಓದಿದರು: "ಹಲ್ಲು ಕೀಳಿಸಿಕೊಂಡವರು ನಾಳೆಯವರೆಗೆ ಮಾತಾಡಬಾರದು."

ಕಿಟಕಿಯ ಪಕ್ಕ ತುಟಿ ಹೊಲಿದುಕೊಂಡು ಕೂತೆ. ಟೀ ಬಂತು. ಈ ಸಲ ಎರಡನೆಯ ಹೆಸರು ಒತ್ತಿ, ಟೈಪು ಮಾಡಿ ಪ್ರಿಂಟ್ ಕೊಟ್ಟೆ. ನಮ್ಮ ಪ್ರಿಂಟರೇ ಗೊರ್ರೆಂದು ಹಾಳೆ ಉಗುಳಿತು.

'ಅಕ್ಕಾ, ಟೀ ಕುಡಿಯೋಕಾದ್ರೂ ಬಾಯಿ ತೆರೀಬಹುದಾ?'