ರುಚಿ ನೋಡದ ಹುಳಿ

"ಉಪ್ಪು ಹಾಕಿದೆನಾ ನಾನು?"

ಕುದಿಯುವ ಹುಳಿಯ ಮುಂದೆ ನಿಂತು ಹಯಗ್ರೀವ ಭಟ್ಟರು ತಮ್ಮನ್ನೇ ಕೇಳಿಕೊಂಡರು. ಹೊರಗೆ ಬಾಳೆಲೆ ಒರೆಸುತ್ತಿದ್ದ ಮಗಳು ಸುಮೇಧಾ ತಲೆಯೆತ್ತಿದಳು. ಅವಳೂ ನೋಡಿರಲಿಲ್ಲ. ಡೊಂಬಿವಲಿಯ ಆ ಫ್ಲ್ಯಾಟಿನಲ್ಲಿ ಅಂದು ಸತ್ಯನಾರಾಯಣ ಪೂಜೆ. ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ಭಟ್ಟರು ಜೀವಮಾನವಿಡೀ ಕಣ್ಣು, ಮೂಗು, ಕೈಯಳತೆಯಲ್ಲೇ ಅಡಿಗೆ ಮಾಡಿದವರು. ಠಾಣೆಯಿಂದ ಕಲ್ಯಾಣದವರೆಗೆ ಉಡುಪಿಯವರ ಮನೆಯಲ್ಲಿ ಪೂಜೆಯೆಂದರೆ ಫೋನು ಬರುತ್ತಿದ್ದದ್ದು ಅವರಿಗೇ.

"ಹಾಕಿರ್ಲಿಕ್ಕಿಲ್ಲ," ಎಂದು ತಾವೇ ತೀರ್ಮಾನಿಸಿ ಒಂದು ಮುಷ್ಟಿ ಹಾಕಿದರು. ಕೈ ಒಂದಿಷ್ಟೂ ನಡುಗಲಿಲ್ಲ.

ಊಟಕ್ಕೆ ಕೂತವರು ಒಳ್ಳೆಯ ಜನ. ಉಪ್ಪು ಎರಡು ಸಲ ಬಿದ್ದ ಹುಳಿಯನ್ನವನ್ನು ಎಲೆಯ ಅಂಚಿಗೆ ಸರಿಸಿ, ಮಜ್ಜಿಗೆ ಕೇಳಿದರು. ಮನೆಯೊಡತಿ ಜಯಲತಾ ಮಾತ್ರ ಸುಮೇಧಾಳನ್ನು ಬಾಲ್ಕನಿಗೆ ಕರೆದು, "ಬೇಜಾರು ಮಾಡ್ಬೇಡ, ಆಯ್ತಾ? ಭಟ್ಟರಿಗೆ ಇನ್ನು ರೆಸ್ಟ್ ಕೊಡಿ," ಎಂದರು. ಒಲೆ ಬಿಟ್ಟರೆ ಅಪ್ಪನಿಗೆ ಬೇರೆ ಪ್ರಪಂಚವೇ ಇಲ್ಲ.

ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕ ಮೇಲೆ ಸುಮೇಧಾ ಕೇಳಿದಳು. "ಅಪ್ಪಾ, ಕೈ ನಡುಕದ ಮಾತ್ರೆ ಇವತ್ತು ಎಷ್ಟು ತಗೊಂಡ್ರಿ?"

"ಒಂದು. ಅಡಿಗೆ ಇದ್ದ ದಿನ ಇನ್ನೊಂದು. ಕೈ ನಿಲ್ಬೇಕಲ್ಲ ಮಾರಾಯ್ತಿ."

ಸುಮೇಧಾ ಸಾನಪಾಡಾದಲ್ಲಿ ಫಾರ್ಮಸಿ ಕಾಲೇಜಿನ ಮಕ್ಕಳಿಗೆ ಪಾಠ ಮಾಡುವವಳು. ಮೆದುಳಿನಲ್ಲಿ ಡೋಪಮೈನ್ ಇಳಿದರೆ ಅಸಿಟೈಲ್‌ಕೋಲಿನ್ ಮೇಲುಗೈ ಸಾಧಿಸುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ತಕ್ಕಡಿ ಬರೆದು ತೋರಿಸುತ್ತಿದ್ದಳು. ಮನೆಯಲ್ಲೇ ತಕ್ಕಡಿ ವಾಲಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು.

"ತಲೆಯೊಳಗೆ ಒಂದು ರಸ ಕಮ್ಮಿಯಾಗಿದೆ, ಇನ್ನೊಂದು ಜೋರು ಮಾಡ್ತಾ ಉಂಟು. ಅದಕ್ಕೇ ಕೈ ನಡುಗುವುದು. ಮಾತ್ರೆ ಆ ಜೋರಿನದ್ದರ ಬಾಯಿ ಮುಚ್ಚಿಸ್ತದೆ. ಆದ್ರೆ ನೆನಪಿಗೆ ಬೇಕಾದದ್ದೂ ಅದೇ, ಅಪ್ಪಾ."

ಭಟ್ಟರು ಕಿಟಕಿಯಾಚೆ ನೋಡಿದರು. "ಅಂದ್ರೆ ಕೈ ಬೇಕಾದ್ರೆ ತಲೆ ಕೊಡ್ಬೇಕು. ನಡುಗುವವನನ್ನು ಯಾರು ಕರೀತಾರೆ? ಮರೆಯುವವನನ್ನಾದ್ರೂ ಯಾರು ಕರೀತಾರೆ?"

ಸುಮೇಧಾ ಡಾಕ್ಟರ ನಂಬರಿಗೆ ಫೋನು ಹಚ್ಚಿದಳು.

ಡಾಕ್ಟರು ಸ್ವಲ್ಪಸ್ವಲ್ಪವೇ ಇಳಿಸಿ ಆ ಮಾತ್ರೆ ನಿಲ್ಲಿಸಿದರು. ಮರೆವು ಹೋಯಿತು, ನಡುಕ ಮರಳಿ ಬಂತು. ಕಾಫಿ ಲೋಟದಿಂದ ಪಂಚೆಯ ಮೇಲೆ ಚೆಲ್ಲತೊಡಗಿತು. ಫೋನು ಬರುವುದು ನಿಂತಿತು.

ಅನಂತ ಚತುರ್ದಶಿಯ ದಿನ ನೌಪಾಡಾದ ತಮ್ಮ ಮನೆಯಲ್ಲಿ ಭಟ್ಟರು, "ಇವತ್ತಿನ ಅಡಿಗೆ ನನ್ನದು," ಎಂದು ಮಡಿಯುಟ್ಟು ಒಲೆಯ ಮುಂದೆ ನಿಂತರು. ಹೆಂಡತಿ ಊರ್ಮಿಳಾ ಬೇಡವೆನ್ನಲು ಹೋಗಿ, ದೇವರಿಗೆ ಹೂ ಕಟ್ಟಲು ಕೂತರು. ಹುಳಿ ಕುದಿಯಿತು. ಭಟ್ಟರು ಉಪ್ಪು ತೆಗೆದುಕೊಂಡರು. ಪಾತ್ರೆಯವರೆಗೆ ಕೈ ಹೋಗುವಷ್ಟರಲ್ಲಿ ಅರ್ಧ ಉಪ್ಪು ಒಲೆಯ ಸುತ್ತ ಉದುರಿತ್ತು. ಒರೆಸಿ ಮತ್ತೆ ತೆಗೆದುಕೊಂಡರು. ಮತ್ತೆ ಉದುರಿತು.

ನೋಡಲಾರದೆ ಸುಮೇಧಾ ಕೈ ಚಾಚಿ ಒಳಗೆ ಕಾಲಿಟ್ಟಳು.

"ಮುಟ್ಬೇಡ! ಮಡಿ!" ಎಂದು ಭಟ್ಟರು ಗೋಡೆಗೆ ಸರಿದುಬಿಟ್ಟರು. ಅವರ ಕಣ್ಣು ತುಂಬಿತ್ತು.

ಮಡಿಯೆಂದರೆ ಸದಾ ತಮಾಷೆ ಮಾಡುತ್ತಿದ್ದ ಸುಮೇಧಾ ಬಚ್ಚಲಿಗೆ ಹೋದಳು. ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಅಮ್ಮ ಬೇರೆಯಾಗಿ ಒಣಗಿಸಿಟ್ಟ ಮಡಿಸೀರೆಯನ್ನು ಹೇಗೋ ಸುತ್ತಿಕೊಂಡು ಬಂದಳು. ಕೂದಲಿಂದ ನೀರು ಇಳಿಯುತ್ತಿತ್ತು. ಭಟ್ಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಉಪ್ಪಿನ ಮುಷ್ಟಿಯನ್ನು ಮುಂದೆ ಚಾಚಿದರು.

ಅವಳು ಮಣಿಕಟ್ಟು ಹಿಡಿದಳು. ನಡುಕ ಅವಳ ಮೊಣಕೈಯವರೆಗೂ ಏರಿತು. ಉಪ್ಪು ಪಾತ್ರೆಗೇ ಬಿತ್ತು.

"ಉಪ್ಪು ಹಾಕಿ ಆಯ್ತು," ಎಂದರು ಭಟ್ಟರು, ಯಾರೂ ಕೇಳದೆಯೇ.

ಸುಮೇಧಾ ಕೈ ಬಿಡಲಿಲ್ಲ.