ಎರಡಕ್ಷರದ ಕಲ್ಲು

"ಬಾಯಿ, ಚೀಲದಾಗ ಕಲ್ಲ ತುಂಬೀರೇನ್ರಿ?"

ದೋಣಿಗೆ ಹತ್ತಿಸಲೆಂದು ಚೀಲಕ್ಕೆ ಕೈ ಹಾಕಿದ ವೈಜಿನಾಥರು ಅದನ್ನು ಅರ್ಧಕ್ಕೆ ಎತ್ತಿ ಮತ್ತೆ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಕೇಳಿದರು. ಬೀದರಿನಿಂದ ಅಂಡಮಾನಿಗೆ ಹೊರಟ ಪ್ರವಾಸದ ಗುಂಪಿನಲ್ಲಿ ಎಲ್ಲರನ್ನೂ ನಗಿಸುವ ಗುತ್ತಿಗೆ ಹಿಡಿದವರು ಅವರೇ.

"ಹೌದ್ರಿ, ಕಲ್ಲೇ ಅದ," ಅಂದಳು ಸಲೋಮಿ.

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ಸಲೋಮಿ ನಗಲಿಲ್ಲ. ಮಗಳು ಗ್ರೇಸ ತಾನೇ ಚೀಲ ಎತ್ತಿ ದೋಣಿಯೊಳಗೆ ತಾಯಿಯ ಕಾಲ ಬಳಿ ಇಟ್ಟಳು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲೂ ಪೊಲೀಸಿನವನೊಬ್ಬ ಚೀಲ ಬಿಚ್ಚಿಸಿ, ಕಲ್ಲನ್ನು ಹಿಂದುಮುಂದು ತಿರುಗಿಸಿ ನೋಡಿ, ಇವರ ಮುಖವನ್ನೊಮ್ಮೆ ನೋಡಿ ಸುಮ್ಮನೆ ಬಿಟ್ಟುಬಿಟ್ಟಿದ್ದ.

ಮೊಣಕೈ ಉದ್ದದ, ಗೇಣಗಲದ ಶಹಾಬಾದಿ ಕಲ್ಲು ಅದು. ಬೀದರಿನ ಪಕ್ಕದ ಚಿದ್ರಿಯಲ್ಲಿ ಕಲ್ಲು ಕೆತ್ತುವವನು ಮೇಲೊಂದು ಶಿಲುಬೆ ಬೇಡವೇ ಎಂದು ಕೇಳಿದ್ದ. "ಶಿಲುಬಿ ಆ ಗೋರಿ ಮ್ಯಾಲ ಇದ್ದೇ ಇರ್ತದಪ್ಪ, ಅಲ್ಲಿಯವರು ಇಟ್ಟಿರ್ತಾರ. ಹೆಸರೊಂದು ಹಾಕು, ಆಳವಾಗಿ ಹಾಕು," ಎಂದಿದ್ದಳು ಸಲೋಮಿ. ಅವನು ಆಳವಾಗಿಯೇ ಹಾಕಿದ್ದ. ಎರಡೇ ಅಕ್ಷರ: ಲೂಕ.

ಗುಂಪಿನಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಜನ ಸಮುದ್ರ ನೋಡಲು, ಜೈಲು ನೋಡಲು, ಫೋಟೋ ತೆಗೆಸಿಕೊಳ್ಳಲು ಬಂದಿದ್ದರು. ಅಂಥವರ ನಡುವೆ ನಾವು ಗೋರಿ ನೋಡಲು ಬಂದಿದ್ದೇವೆ ಎಂದರೆ ಅವರ ಬಾಯಿಯ ತುತ್ತು ಕಹಿಯಾದೀತೆಂದು ಗ್ರೇಸ ಸುಮ್ಮನಿದ್ದಳು. ಬೀದರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ರಜೆ ಕೂಡಿಸಿ ತಾಯಿಯನ್ನು ಕರೆತಂದಿದ್ದೇ ಇದೊಂದು ಕಾರಣಕ್ಕೆ.

ಹಿಂದಿನ ದಿನ ಹಳೆಯ ಜೈಲಿನಲ್ಲಿ ಗೈಡು ಒಂದೊಂದೇ ಕೋಣೆ ತೋರಿಸುತ್ತ, ಗೋಡೆಯ ಅಮೃತಶಿಲೆಯಲ್ಲಿ ಕೆತ್ತಿದ ಕೈದಿಗಳ ಹೆಸರು ಓದುತ್ತ ಹೋಗಿದ್ದ. ಉಳಿದವರು ಬಿಸಿಲಿಗೆ ಬಸವಳಿದು ನೆರಳು ಹುಡುಕಿದರೂ ಸಲೋಮಿ ಮಾತ್ರ ಆ ಗೋಡೆಯ ಮುಂದೆ ನಿಂತೇ ಇದ್ದಳು. ಒಂದಕ್ಷರವೂ ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮನೆಯಿಂದ ಇಷ್ಟು ದೂರ ಬಂದು ಸತ್ತವರ ಹೆಸರನ್ನು ಯಾರೋ ಕೆತ್ತಿಸಿಟ್ಟಿದ್ದಾರಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ದೋಣಿ ಹೊರಟಿತು. ಎತ್ತ ನೋಡಿದರೂ ನೀರು. ಸಲೋಮಿಯ ಊರು ಹಲಬರ್ಗಾದಲ್ಲಿ ಈ ವರ್ಷವೂ ಟ್ಯಾಂಕರಿನ ಮುಂದೆ ಕೊಡಗಳು ಸಾಲು ಹಚ್ಚಿದ್ದವು. ಮೂರು ವರ್ಷದ ಹಿಂದೆ, ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆಯಲ್ಲಂತೂ ಊರಿಗೆ ಊರೇ ಎದ್ದು ಹೋಗಿತ್ತು. ಅವಳ ಗಂಡ ಫಿಲಿಪ ಪುಣೆಗೆ ವಾಚಮನ್ ಕೆಲಸಕ್ಕೆ ಹೋದ. ಮಗ ಲೂಕ ಔರಾದಿನ ಖಾಸಿಂ ಅಲಿ ಎಂಬ ಗೌಂಡಿಯ ಗುಂಪು ಸೇರಿ, ಅಂಡಮಾನಿನ ಯಾವುದೋ ದ್ವೀಪದಲ್ಲಿ ಹೋಟೆಲು ಕಟ್ಟುವ ಕೆಲಸಕ್ಕೆ ಹೋದ. "ಅವ್ವಾ, ನಾ ಇಲ್ಲಿ ದಿನಾ ಎರಡ ಸಲ ಜಳಕ ಮಾಡ್ತೇನಿ," ಎಂದು ಫೋನಿನಲ್ಲಿ ನಗುತ್ತಿದ್ದ. "ನೀ ಹೊಟ್ಟಿ ಉರಕೋ." ಅವಳು ನಿಜಕ್ಕೂ ಹೊಟ್ಟೆ ಉರಿದುಕೊಂಡವಳಂತೆ ಬಯ್ಯುತ್ತಿದ್ದಳು.

ಮಂಡಿಯುದ್ದದ ನೀರನ್ನೂ ದಾಟಿ ಗೊತ್ತಿಲ್ಲದ ಊರಿನ ಹುಡುಗ. ಮಳೆಗಾಲದ ಸಮುದ್ರಕ್ಕೆ ಜಳಕಕ್ಕೆಂದು ಇಳಿದವನು ಮರುದಿನ ದಡಕ್ಕೆ ಬಂದ. ಊರಿಗೆ ಕಳಿಸುವ ಸ್ಥಿತಿಯಲ್ಲಿ ಹೆಣವಿರಲಿಲ್ಲ. ಫೋನು ಮಾಡಿ ಹೇಳಿದವನು ಖಾಸಿಂ ಅಲಿ. ಅವನ ಅಳುವಿನಲ್ಲಿ ಅವಳಿಗೆ ತಿಳಿದದ್ದು ಒಂದೇ ಮಾತು: "ಇಜ್ಜತ್ತಿನಿಂದ ಮಣ್ಣ ಮಾಡೀವ್ರಿ ಅಮ್ಮಾ, ಯಾವ ಕಮ್ಮೀನೂ ಆಗಿಲ್ಲ." ಆ ಮಾತನ್ನೇ ಹಿಡಿದುಕೊಂಡು ಅವಳು ಬದುಕಿದಳು. ಮಣ್ಣು ಮಾಡಿದ್ದಾರೆ ಎಂದರೆ ಗೋರಿ ಇದೆ. ಗೋರಿ ಇದೆ ಎಂದರೆ ಕಡೆಯ ದಿನ ತುತ್ತೂರಿ ಊದಿದಾಗ ಅವನು ಏಳುವ ಜಾಗವಿದೆ. ಪ್ರತಿ ಈಸ್ಟರಿನ ನಸುಕಿನಲ್ಲಿ ಊರವರೆಲ್ಲ ತಂತಮ್ಮವರ ಗೋರಿಯ ಮುಂದೆ ಮೇಣದ ಬತ್ತಿ ಹಚ್ಚಿ ಕೂತಾಗ, ಸಲೋಮಿ ಒಬ್ಬಳೇ ಕೈಯಲ್ಲಿ ಬತ್ತಿ ಹಿಡಿದು ಎಲ್ಲಿ ಕೂಡುವುದೆಂದು ತಿಳಿಯದೆ ಓಡಾಡುತ್ತಿದ್ದಳು. ಒಮ್ಮೆ, ಒಂದೇ ಒಂದು ಸಲ ಮಗನ ಗೋರಿಯ ಮುಂದೆ ಕೂಡಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಬರುವ ದಿನವನ್ನು ಗ್ರೇಸ ಫೋನಿನಲ್ಲಿ ತಿಳಿಸಿದ್ದಳು; ದಡದಲ್ಲಿ ಖಾಸಿಂ ಅಲಿ ಕಾಯುತ್ತಿದ್ದ. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಸಿಮೆಂಟು, ಒಗೆದ ಅಂಗಿ. ಗುಂಪು ಫೋಟೋ ತೆಗೆಸಿಕೊಳ್ಳುತ್ತ ಬೀಚಿನ ಕಡೆ ಹೋಯಿತು. ಸಂಜೆಯ ದೋಣಿಯ ಹೊತ್ತಿಗೆ ಬರಬೇಕೆಂದು ಗೈಡು ಎಚ್ಚರಿಸಿದ. ಖಾಸಿಂ ಅಲಿ ಸಲೋಮಿಯ ಎರಡೂ ಕೈ ಹಿಡಿದುಕೊಂಡ.

"ನಮ್ಮ ನರಸಿಂಗನ ಅವ್ವ," ಎಂದವನೇ ಅತ್ತ.

ಸಲೋಮಿಗೆ ಅರೆಕ್ಷಣ ಅವನು ಯಾರ ಮಾತಾಡುತ್ತಿದ್ದಾನೆಂದೇ ಹೊಳೆಯಲಿಲ್ಲ. ನರಸಿಂಗ ಅವಳ ಮಾವನ ಹೆಸರು, ಮಗನ ಶಾಲೆಯ ಹೆಸರು. ಅವರ ಕೇರಿಯಲ್ಲಿ ಹಲವರಿಗೆ ಹೀಗೆ ಎರಡು ಹೆಸರು, ಚರ್ಚಿನಲ್ಲಿ ಒಂದು, ಕಾಗದದ ಮೇಲೆ ಇನ್ನೊಂದು. ಶಾಲೆಗೆ ಹಚ್ಚುವ ದಿನ ಮಾಸ್ತರರು, "ಲೂಕ ಅಂದ್ರ ಸರ್ಕಾರದ ಸವಲತ್ತು ಸಿಗಂಗಿಲ್ಲ, ಬ್ಯಾರೆ ಹೆಸರು ಹೇಳು ತಾಯಿ," ಎಂದಿದ್ದರು. ಫಿಲಿಪ ಊರಲ್ಲಿರಲಿಲ್ಲ. ಇವಳೇ ಮಾವನ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಪಡಿತರ ಚೀಟಿಯಿಂದ ಆಧಾರದವರೆಗೆ ಆ ಹೆಸರೇ ಹೋಯಿತು. ದ್ವೀಪಕ್ಕೂ ಅದೇ ಬಂದಿತ್ತು.

"ಭಾಳ ಚಲೋ ಹುಡುಗ ಇದ್ದನ್ರಿ," ಖಾಸಿಂ ಅಲಿ ಚೀಲವನ್ನು ಹೆಗಲಿಗೇರಿಸಿ ನಡೆಯುತ್ತ ಹೇಳಿದ. "ನಾ ಉರ್ದು ಸಾಲಿಯಾಂವ, ಕನ್ನಡ ಮಾತಾಡ್ತೇನಿ ಖರೆ, ಓದಾಕ ಬರಂಗಿಲ್ಲ. ಊರಾಗ ಮಳಿ ಆತೇನು ಅಂತ ದಿನಾ ಮೊಬೈಲ ನೋಡಿ ಅವನೇ ನನಗ ಓದಿ ಹೇಳ್ತಿದ್ದ. ಸಂಜಿಕ ಕೂತು ಏನೋ ಹಾಡ್ತಿದ್ದ, ಸಣ್ಣ ದನಿಲೆ. ಭಜನಿ ಇರಬೇಕು."

ಅದು ಯಾವ ಹಾಡೆಂದು ಸಲೋಮಿಗೆ ಗೊತ್ತಿತ್ತು. ಭಾನುವಾರ ಪ್ರಾರ್ಥನೆಯ ಕೊನೆಗೆ ಹಾಡುವುದನ್ನು ಅವನು ಮನೆಯಲ್ಲೂ ಹಾಗೆಯೇ ಗುನುಗುತ್ತಿದ್ದ.

ಹೋಟೆಲಿನಿಂದ ಸಮುದ್ರಕ್ಕೆ ಇಳಿಯುವ ಕಲ್ಲಿನ ಪಾವಟಿಗೆಗಳನ್ನು ಖಾಸಿಂ ಅಲಿ ತೋರಿಸಿದ. ಕೆಳಗಿನ ಅರ್ಧವನ್ನೆಲ್ಲ ಕೂಡಿಸಿದವನು ನರಸಿಂಗನೇ ಅಂದ. ಅದೇ ಹೊತ್ತಿಗೆ ಹಿಮ್ಮಡಿಗೆ ಮರಳು ಮೆತ್ತಿಕೊಂಡ ಪ್ರವಾಸಿಗರು ಅವುಗಳನ್ನೇರಿ ಬರುತ್ತಿದ್ದರು. ಸಲೋಮಿ ಚಪ್ಪಲಿ ಬಿಟ್ಟು ಇಳಿದಳು.

"ಅವನ್ನ ಇಟ್ಟ ಜಾಗ ತೋರ್ಸಪ್ಪ."

ಬೀಚಿನ ತುದಿಯಲ್ಲಿ, ಕೇದಿಗೆಯ ಮೆಳೆಯ ಹಿಂದೆ ಒಂದಿಷ್ಟು ಬಯಲಿತ್ತು. ಅಲ್ಲಿ ದಿಬ್ಬವಿರಲಿಲ್ಲ, ಶಿಲುಬೆ ಇರಲಿಲ್ಲ. ಉಬ್ಬರದ ನೀರು ತಂದು ಹಾಕಿದ ಕಸ, ಒಂದು ತೆಂಗಿನ ಚಿಪ್ಪು. ಸಲೋಮಿ ಸುತ್ತಲೂ ನೋಡಿದಳು.

"ಎಲ್ಲಿ?"

"ಇಲ್ಲೇರಿ, ನೀವು ನಿಂತಲ್ಲೇ," ಅಂದ ಖಾಸಿಂ ಅಲಿ. "ಸೂಪರವೈಜರ ಅಂದ, ಇಲ್ಲೇ ಒಂದ ತೆಗ್ಗ ತೋಡಿ ಹುಗದ ಬಿಡ್ರಿ, ಲಗೂ ಮುಗಿಸ್ರಿ ಅಂದ. ನಾ ಒಪ್ಪಲಿಲ್ಲ ಅಮ್ಮಾ! ಜಗಳ ಮಾಡ್ದೆ. ಅವನೇನು ದಿಕ್ಕಿಲ್ಲದಾಂವ ಏನು? ಅವನ ಧರಮದಾಗ ಹ್ಯಾಂಗ ಅದೋ ಹಂಗೇ ಆಗಬೇಕು ಅಂದೆ. ಆಚಿಕಡಿ ಹಳ್ಳಿಯಿಂದ ಒಬ್ಬ ಬಂಗಾಲಿ ಮುದುಕನ್ನ ಹುಡುಕ್ಯಾಡಿ ಕರಕೊಂಡ ಬಂದೆ, ಮಂತ್ರ ಬಲ್ಲಾಂವ. ಕಟಗಿ ಹಸಿ ಇದ್ದವು, ಮಳಿ ಬ್ಯಾರೆ. ಡೀಸೆಲ್ ಸುರುವಿದೆ. ಬೆಂಕಿ ಯಾರು ಇಡಾವ್ರು ಅಂತ ಕೇಳಿದ್ರು. ಅಣ್ಣ ಇಲ್ಲ, ತಮ್ಮ ಇಲ್ಲ. ನಮ್ಮ ಹುಡುಗ್ರು ನೀ ಯಾಕ ಅಂದ್ರು. ಮತ್ತ್ಯಾರು ಅಂದೆ. ನಾನೇ ಇಟ್ಟೆ. ಬೂದಿ ಎಲ್ಲಾ ಆರಿಸಿ ಸಮುದ್ರಕ್ಕ ಬಿಟ್ಟೇವ್ರಿ. ಒಂದ ಚಿಮಟಿ ಉಳಿಸಿಲ್ಲ."

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಒಪ್ಪಿದಳೇನೋ ಎಂಬಂತೆ ಸಲೋಮಿಯ ಮುಖ ನೋಡಿದ.

ಸಲೋಮಿ ಕೂತುಬಿಟ್ಟಳು. ಮರಳು ಕಾದಿತ್ತು. ಹುಗಿಯಲು ಹೊರಟಿದ್ದರಂತೆ. ಯಾರೋ ಪ್ರೀತಿಯಿಲ್ಲದವನು ಸುಮ್ಮನೆ ಮಾಡಲು ಹೊರಟ ಕೆಲಸವೇ ಸರಿಯಿತ್ತು. ಪ್ರೀತಿ ಇದ್ದವನು ಜಗಳ ಮಾಡಿ ತಪ್ಪಿಸಿದ. ಮಣ್ಣು ಮಾಡುವುದೆಂದರೆ ಅವನ ಬಾಯಲ್ಲಿ ಸುಡುವುದೂ ಸೇರಿತ್ತು; ಮೂರು ವರ್ಷ ಹಿಡಿದುಕೊಂಡ ಮಾತು ಕೈಯಿಂದ ಜಾರಿ ಹೋಯಿತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಮತ್ತು ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಖಾಸಿಂ ಅಲಿ ಕುಡಿಯುವ ನೀರು ತರಲು ಮೇಲೆ ಹೋದ. ಗ್ರೇಸ ತಾಯಿಯ ಪಕ್ಕ ಕುಕ್ಕರಿಸಿದಳು.

"ನಾ ಹೇಳ್ತೇನಿ ಅವಗ. ಹುಗಿಯೋರನ್ನ ಬಿಡಿಸಿ ಸುಟ್ಟಾನಲ್ಲವ್ವ! ತಾ ಏನು ಮಾಡೀನಿ ಅಂತ ಗೊತ್ತಾಗಲಿ."

"ಬ್ಯಾಡ."

"ಯಾಕ ಬ್ಯಾಡ?"

"ಹುಡುಗನ ಹೆಸರು ಏನಂತ ಅವಗ ಗೊತ್ತಿತ್ತೋ ಅದರ ಪ್ರಕಾರ ಮಾಡ್ಯಾನ," ಸಲೋಮಿ ಅಂದಳು. "ಆ ಹೆಸರು ಹೇಳ್ದಾಕಿ ನಾನು."

"ಅಂದ್ರ ಸುಮ್ಮನ ಹೋಗೂದ?"

"ಅವನೂ ಮನಿ ಬಿಟ್ಟು ಬಂದಾಂವ. ಮೂರು ವರ್ಷದಿಂದ ಇದೊಂದ ಚಲೋ ಕೆಲಸ ಮಾಡೀನಿ ಅಂತ ಇಟಗೊಂಡಾನ. ಅದನ್ನ ಕಸಗೊಂಡು ನಾವೇನು ಊರಿಗೆ ಒಯ್ಯೂದದ?"

ಗ್ರೇಸ ಎದ್ದು ನೀರಿನ ಕಡೆ ನಡೆದಳು. ದೂರದಲ್ಲಿ ವೈಜಿನಾಥರು ಪ್ಯಾಂಟು ಮಡಚಿಕೊಂಡು ತೆರೆಗಳಲ್ಲಿ ಕುಣಿಯುತ್ತಿದ್ದರು, ಅವರ ಹೆಂಡತಿ ಮೊಬೈಲು ಹಿಡಿದು ನಗುತ್ತಿದ್ದಳು.

ನೀರು ತಂದ ಖಾಸಿಂ ಅಲಿ ಚೀಲದಿಂದ ಹೊರಗೆ ಕಾಣುತ್ತಿದ್ದ ಕಲ್ಲಿನ ಅಂಚು ನೋಡಿದ. ಕೇಳದೆಯೇ ಬಗ್ಗಿ ಬೆರಳಾಡಿಸಿದ. ಅವನ ಮುಖ ಅರಳಿತು.

"ಶಾಬಾದಿ! ನಮ್ಮ ಕಡಿ ಕಲ್ಲು! ಇಲ್ಲಿತನಕ ಹೊತಗೊಂಡ ಬಂದೀರಾ?" ಕಲ್ಲನ್ನು ಎದೆಗಾನಿಸಿಕೊಂಡು ಹೊರಗೆ ತೆಗೆದ. "ಅವನ ಹೆಸರಲೆ ಏನ್ರಿ?"

ಸಲೋಮಿ ತಲೆಯಾಡಿಸಿದಳು. ಇದನ್ನು ವಾಪಸು ಒಯ್ಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ಲಿ ಉಸುಕಿನ್ಯಾಗ ನಿಲ್ಲಂಗಿಲ್ಲ, ನೀರು ಬಂದ್ರ ಹೋತು," ಖಾಸಿಂ ಅಲಿ ಗೌಂಡಿಯಾಗಿ ಯೋಚಿಸತೊಡಗಿದ. "ಅವನ ಪಾವಟಿಗಿ ಬಾಜೂಕ ಗ್ವಾಡಿಯೊಳಗ ಕೂಡಸ್ತೇನಿ. ಯಾವನೂ ಕೇಳಂಗಿಲ್ಲ. ಕೇಳಿದ್ರ ನಾ ನೋಡಕೋತೇನಿ."

ಮೇಲಿನಿಂದ ತಗಡಿನ ಬುಟ್ಟಿಯಲ್ಲಿ ಸಿಮೆಂಟು ಕಲಸಿ ತಂದ. ಕೊನೆಯ ಪಾವಟಿಗೆಯ ಪಕ್ಕದ ಗೋಡೆಯಲ್ಲಿ ಒಂದು ಕಲ್ಲು ಬಿಚ್ಚಿ, ಒಳಗೆ ಕೆರೆದು, ನೀರು ಚಿಮುಕಿಸಿದ. ಸಲೋಮಿ ಅದೇ ಪಾವಟಿಗೆಯ ಮೇಲೆ ಕೂತಳು. ಗ್ರೇಸ ತಿರುಗಿ ಬಂದು ಅವಳ ಹಿಂದೆ ನಿಂತಳು. ಕಲ್ಲನ್ನು ಗೋಡೆಗಿಟ್ಟು, ದಾರ ಹಿಡಿದು ಸಮ ನೋಡಿ, ಕರಣೆಯ ಹಿಡಿಕೆಯಿಂದ ತಟ್ಟಿ ಕೂಡಿಸಿದ ಖಾಸಿಂ ಅಲಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಏನು ಬರಸೀರಿ ಅಮ್ಮಾ? ಓದಿ ಹೇಳ್ರಿ."

ಗ್ರೇಸ ಉಸಿರೆಳೆದುಕೊಂಡಳು. ಸಲೋಮಿ ಹಿಂದಕ್ಕೆ ಕೈ ಚಾಚಿ ಮಗಳ ಕಾಲನ್ನು ಗಟ್ಟಿಯಾಗಿ ಹಿಡಿದಳು.

"ನರಸಿಂಗ," ಅಂದಳು. "ನರಸಿಂಗ ಅಂತ ಅದ."

"ಕನ್ನಡದಾಗ ಇಷ್ಟೇ ಏನ್ರಿ? ಇಷ್ಟ ಸಣ್ಣದು?"

"ಇಷ್ಟೇ."

ದೋಣಿಯವನು ಸೀಟಿ ಊದಿದ. ಗುಂಪಿನವರು ಚಪ್ಪಲಿ ಕೈಯಲ್ಲಿ ಹಿಡಿದು, ಕೂಗುತ್ತ ಓಡತೊಡಗಿದರು. ಸಲೋಮಿ ಏಳಲಿಲ್ಲ. ಅಕ್ಷರಗಳ ಗೆರೆಯಲ್ಲಿ ಸಿಮೆಂಟು ಕೂತಿತ್ತು. ಖಾಸಿಂ ಅಲಿ ಮೊಣಕಾಲೂರಿ, ಬೆರಳನ್ನು ನೀರಿನಲ್ಲಿ ಅದ್ದಿ, ಅದನ್ನು ಒರೆಸಿ ತೆಗೆಯತೊಡಗಿದ. ಮೊದಲು ಬಲಗಡೆಯ ಅಕ್ಷರ, ಆಮೇಲೆ ಎಡಗಡೆಯದು. ಉರ್ದು ಶಾಲೆಯಲ್ಲಿ ತನಗೆ ಕಲಿಸಿದ ದಿಕ್ಕಿನಲ್ಲಿ, ಬಾಯೊಳಗೇ ಆ ಹೆಸರು ಹೇಳಿಕೊಳ್ಳುತ್ತ, ಒಂದು ಗೆರೆಯೂ ಬಿಡದಂತೆ ತಿದ್ದುತ್ತಿದ್ದ.