ಕ್ಲಬ್ಬಿಗೆ ಜನ ಸೇರಿದ್ದು

ಕಂಪ್ಯೂಟರ್ ಕ್ಲಬ್ಬಿನ ಮೀಟಿಂಗಿಗೆ ಜನ ಬರುವುದಿಲ್ಲ ಎಂಬುದು ನಮ್ಮ ಕಾಲೇಜಿನಲ್ಲಿ ಹೊಸ ಸುದ್ದಿಯೇನಲ್ಲ. ಶುಕ್ರವಾರ ಕ್ಲಾಸು ಬಿಟ್ಟ ಕೂಡಲೇ ಎಲ್ಲರಿಗೂ ನಂತೂರಿನ ಟ್ರಾಫಿಕ್ ನೆನಪಾಗುತ್ತದೆ. ತಪ್ಪದೆ ಬರುತ್ತಿದ್ದವರೆಂದರೆ ಅಧ್ಯಕ್ಷ ಶೋಭಿತ್, ಕಾರ್ಯದರ್ಶಿಯಾದ ಕರ್ಮಕ್ಕೆ ನಾನು, ಮತ್ತೆ ಸೆಕೆಂಡ್ ಇಯರಿನ ಕೃತಿ.

ಕೃತಿಗೆ ಮೀಟಿಂಗಿಗಿಂತ ಕ್ಲಬ್ಬಿನ ಕೋಣೆ ಮುಖ್ಯ. ಅವಳ ಅಪ್ಪ ಬಜಪೆಯಲ್ಲಿ ಅರ್ಚಕರು, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕ್ಲಾಸು ಮುಗಿದರೆ ಕಾಲೇಜಿನ ಲ್ಯಾಬಿಗೂ ಬೀಗ. ಹಾಗಾಗಿ ನಮ್ಮ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಕೂತು, ಒಂದು ಇಂಟರ್ನ್‌ಶಿಪ್ಪಿಗೆ ಕಳಿಸಬೇಕಾದ ಪ್ರಾಜೆಕ್ಟ್ ಬರೆಯುತ್ತಿದ್ದಳು. ಹುಡುಗಿ ಅದೊಂದನ್ನೇ ನಂಬಿಕೊಂಡಿದ್ದಳು.

ಕ್ಲಬ್ ನೋಡಿಕೊಳ್ಳುವ ಚಿತ್ತರಂಜನ ಸರ್ ನಮ್ಮನ್ನು ಕರೆಸಿದರು. "ಪಾರ್ಟಿಸಿಪೇಶನ್ ಹೆಚ್ಚು ಮಾಡಿ. ಇಲ್ಲದಿದ್ರೆ ಆ ರೂಮು ಪ್ಲೇಸ್‌ಮೆಂಟಿನವರಿಗೆ ಹೋಗ್ತದೆ" ಎಂದರು.

ಹೊರಗೆ ಬಂದದ್ದೇ ಶೋಭಿತ್ ಹೇಳಿದ, "ಮೀಟಿಂಗ್ ಆನ್‌ಲೈನ್ ಮಾಡುವ ಮಾರಾಯ್ತಿ. ಯಾರೂ ಎಲ್ಲಿಗೂ ಬರುದು ಬೇಡ."

"ಮುಖ ನೋಡದೆ ಎಂತ ಕ್ಲಬ್ಬು?" ಎಂದೆ.

"ರೂಮು ಉಳಿಯಬೇಕಾ ಬೇಡ್ವಾ?"

ಮೀಟಿಂಗಿನ ಲಿಂಕ್ ಎಲ್ಲರಿಗೂ ಕಳಿಸಿದವಳು ನಾನೇ.

ಜನ ಸೇರಿದರು ನೋಡಿ! ಪರದೆಯ ತುಂಬ ಹೆಸರುಗಳು. ಮುಖ ಒಂದೂ ಇಲ್ಲ, ದನಿ ಒಂದೂ ಇಲ್ಲ. ಒಬ್ಬ ಕೂಳೂರು ಸೇತುವೆಯ ಮೇಲೆ ಬಸ್ಸಿನಲ್ಲಿ ನೇತಾಡುತ್ತ, ಇನ್ನೊಬ್ಬಳು ಮನೆಯಲ್ಲಿ ನಿದ್ದೆ ಹೊಡೆಯುತ್ತ ಹಾಜರಿ ಹಾಕಿಸಿಕೊಂಡರು. ಶೋಭಿತ್ ಗೋಡೆಗೆ ಪಾಠ ಮಾಡಿದ ಹಾಗೆ ಮಾತಾಡಿದ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಸರ್‌ಗೆ ಕಳಿಸಿದ. ಸರ್‌ಗೂ ಖುಷಿಯೋ ಖುಷಿ.

ಕೆಲವು ವಾರ ಹೀಗೇ ನಡೆಯಿತು. ಒಂದು ಸೋಮವಾರ ಹೋಗಿ ನೋಡಿದರೆ ಕ್ಲಬ್ಬಿನ ಬಾಗಿಲಿಗೆ ಬೇರೆ ಬೀಗ, ನಮ್ಮ ಕಂಪ್ಯೂಟರನ್ನು ಸ್ಟೋರ್ ರೂಮಿಗೆ ಹಾಕಿದ್ದರು. ನಾನು ಸಿಟ್ಟಿನಲ್ಲೇ ಸ್ಟಾಫ್ ರೂಮಿಗೆ ಹೋದೆ.

"ನೀವೇ ಎಲ್ಲ ಆನ್‌ಲೈನ್ ಮಾಡಿದ್ರಲ್ಲ, ಚಂದ ನಡೀತಾ ಉಂಟು. ಇನ್ನು ರೂಮು ಎಂತಕ್ಕೆ?" ಎಂದರು ಚಿತ್ತರಂಜನ ಸರ್. ಅವರು ವ್ಯಂಗ್ಯ ಮಾಡಿದ್ದೂ ಅಲ್ಲ, ಅದೇ ನನಗೆ ಮೈ ಉರಿಸಿದ್ದು.

ಕೃತಿ ಬೀಗದ ಮುಂದೆ ಪೆನ್‌ಡ್ರೈವ್ ಹಿಡಿದು ನಿಂತಿದ್ದಳು. ಪ್ರಾಜೆಕ್ಟ್ ಕಳಿಸಲು ಅದೇ ಕೊನೆಯ ವಾರ. ನನ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗು ಎಂದೆ. "ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಎಂತ ಮಾಡ್ತೀರಿ ಅಕ್ಕ? ನಾನು ಫೋನಲ್ಲೇ ನೋಡ್ತೇನೆ" ಎಂದಳು. ಫೋನಿನಲ್ಲಿ ಆಗುವ ಕೆಲಸವಲ್ಲ ಅದು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಶುಕ್ರವಾರದ ಮೀಟಿಂಗಿನಲ್ಲಿ ನಾನು ಕ್ಯಾಮೆರಾ ಹಾಕಿ ಕೂತೆ. ಶೋಭಿತ್‌ನ ಮಾತು ತಡೆದು ಹೇಳಿದೆ, "ನಮ್ಮ ರೂಮು ಹೋಗಿದೆ. ಅದಿಲ್ಲದೆ ಕೃತಿಯ ಪ್ರಾಜೆಕ್ಟ್ ನಿಂತಿದೆ, ನಾಡಿದ್ದು ಕಳಿಸ್ಬೇಕು. ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರ ಹತ್ರ ಹೋಗುವ. ನನ್ನೊಟ್ಟಿಗೆ ಯಾರೆಲ್ಲ ಬರ್ತೀರಿ?"

ಪರದೆಯ ಮೇಲೆ ಒಂದು ಹೆಬ್ಬೆರಳು ತೇಲಿತು. ಹಿಂದೆಯೇ ಇನ್ನಷ್ಟು ಹೆಬ್ಬೆರಳುಗಳು, ಕೆಂಪು ಹೃದಯಗಳು.

"ಅಂದ್ರೆ ಬರ್ತೀರಿ ಅಂತ ಲೆಕ್ಕವಾ? ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿ."

ಯಾರೂ ಮೈಕ್ ತೆರೆಯಲಿಲ್ಲ. ಚಾಟ್‌ನಲ್ಲಿ ಕೃತಿಯ ಒಂದು ಸಾಲು ಬಂತು. ಎಲ್ಲರಿಗೂ ಕೇಳುವ ಹಾಗೆ ಓದಿದೆ: "ಬಿಡಿ ಅಕ್ಕ, ಇಂಟರ್ನ್‌ಶಿಪ್ಪಿಂದ ನಾನು ಇವತ್ತೇ ಹೆಸರು ವಾಪಸ್ ತೆಗೊಂಡೆ."

ಅದಕ್ಕೂ ಯಾರೋ ಒಬ್ಬರು ಹೆಬ್ಬೆರಳು ಎತ್ತಿದರು.